ಆಯೇರಿಯ ಅರಿವೆ, ಕೌದಿಯ ಸೂಜಿ

ಕಳೆದ ಶ್ರಾವಣದಲ್ಲಿ ಯಲಬುರ್ಗಾ ಸೀಮೆಯ ಹಳ್ಳಿಯೊಂದಕ್ಕೆ ಪುರಾಣ ಹೇಳಲು ಹೋಗಿದ್ದೆವು. ಮಂಗಲದ ದಿನ ಸದ್ಭಕ್ತರು ಪ್ರೀತಿಯಿಂದ ಹೊದಿಸಿದ ಶಾಲುಗಳು 14. ನಾವು ಇಳಿದುಕೊಂಡಿದ್ದ ಮನೆಯ ಪಡಸಾಲೆಯಲ್ಲಿ ವೃದ್ಧ ತಾಯಿಯೊಬ್ಬಳು ಕೌದಿ ಹೊಲಿಯುತ್ತಿದ್ದಳು. ಶಾಲಿನ ಗಂಟನ್ನು ಆಕೆಯ ಮುಂದಿಟ್ಟು, "ಇವುಗಳಿಂದ ಎರಡು ಕೌದಿಯಾದರೂ ಆಗಬಹುದಲ್ಲವೇ, ತಾಯಿ?" ಎಂದೆವು. ಆಕೆ ಒಂದನ್ನು ಬೆರಳುಗಳ ನಡುವೆ ಹೊಸಕಿ ನೋಡಿ ಮೆಲ್ಲನೆ ಹಿಂದಕ್ಕೆ ಸರಿಸಿದಳು. "ಇವು ಬ್ಯಾಡ್ರಿ ಅಯ್ಯಾರ. ಜಾರತಾವು, ಬೆವರು ಹೀರಂಗಿಲ್ಲ. ಕೂಸಿಗೆ ಹೊಚ್ಚಾಕ ಬರೂದಿಲ್ಲ."

ತಿಂಗಳುಗಟ್ಟಲೆ ಕಾಯಕ-ದಾಸೋಹಗಳ ಮಾತನಾಡಿದ್ದ ನಮಗೆ ಅದಕ್ಕೆ ಉತ್ತರ ತೋಚಲಿಲ್ಲ.

ನಮ್ಮ ನಾಡಿನಲ್ಲಿ ಅರಿವೆಗೆ ಒಂದೇ ಜನ್ಮವಿರಲಿಲ್ಲ. ಇಳಕಲ್ಲಿನ ಸೀರೆ ಮೊದಲು ಹಬ್ಬಕ್ಕೆ, ಬಳಿಕ ಹೊಲಕ್ಕೆ, ಆಮೇಲೆ ತೊಟ್ಟಿಲಿನ ಮಗುವಿಗೆ, ಕೊನೆಗೆ ಕೌದಿಗೆ. ತಂದೆಯ ಹಳೆಯ ಧೋತರ ರೊಟ್ಟಿಬುತ್ತಿ ಕಟ್ಟಲು ಒದಗುತ್ತಿತ್ತು. ಇನ್ನೂ ಸವೆದು ಮೆತ್ತಗಾದರೆ ಭಸ್ಮವನ್ನು ವಸ್ತ್ರಗಾಳಿತ ಮಾಡಲು ಪೂಜಾಗೃಹ ಸೇರುತ್ತಿತ್ತು. ಉಳಿದ ಚಿಂದಿ ದೀಪದ ಬತ್ತಿಯಾಗುತ್ತಿತ್ತು. ಕೌದಿಯ ರಚನೆಯಾದರೂ ಎಂಥದು! ಮೇಲೆ ಕೆಳಗೆ ಗಟ್ಟಿ ಸೀರೆಗಳು, ನಡುವೆ ಜೀರ್ಣವಾದ ತುಂಡುಗಳು, ಇವೆಲ್ಲವನ್ನೂ ಹಿಡಿದು ನಿಲ್ಲಿಸುವ ಸಾಲುಸಾಲು ಹೊಲಿಗೆ. ಅಜ್ಜಿಯ ಸೀರೆಯ ಅಂಚನ್ನು ಮೊಮ್ಮಗಳು ಅದರಲ್ಲಿ ಗುರುತಿಸಬಲ್ಲಳು.

ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಚಿಂದಿಗೂ ಒಂದು ಸ್ಥಾನ ಕೊಟ್ಟಿದ್ದಾರೆ. ಗೋಣಿಯ ಹರಕನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಹುಣಸೆಬೀಜದ ಅಂಟಿನೊಡನೆ ಕಲಸಿದರೆ ಅವರು ಕಿಟ್ಟ ಎಂದು ಕರೆಯುವ ಲೇಪ ಸಿದ್ಧವಾಗುತ್ತದೆ. ಹಗುರವಾದ ಕಟ್ಟಿಗೆಯ ಗೊಂಬೆಗೆ ಅದನ್ನು ಬಳಿದು, ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಅಂಟಿಸಿ, ಅನಂತರ ಬಣ್ಣ ಹಚ್ಚುತ್ತಾರೆ. ಕಣ್ಣಿಗೆ ಕಾಣುವ ಹೊಳಪಿನ ಕೆಳಗಿರುವುದು ಹರಕು ಗೋಣಿಯೇ.

ಇವೆಲ್ಲವೂ ನಡೆದದ್ದು ಹತ್ತಿ, ಸೆಣಬುಗಳ ಗುಣದಿಂದ. ಪಾಲಿಯೆಸ್ಟರಿನ ಜಾತಿಯೇ ಬೇರೆ. ಅದು ಕಲ್ಲೆಣ್ಣೆಯಿಂದ ಹುಟ್ಟಿದ ಪ್ಲಾಸ್ಟಿಕ್ಕಿನ ಎಳೆ. ಮಣ್ಣಿನಲ್ಲಿ ಹೂತರೆ ದಶಕಗಳು ಕಳೆದರೂ ಕರಗದು, ಸುಟ್ಟರೆ ವಿಷದ ಹೊಗೆ, ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳು ನೀರಿಗೆ. ಹತ್ತಿಯೊಡನೆ ಅದನ್ನು ಬೆರೆಸಿದ ಟೆರಿಕಾಟನ್ನು ಮತ್ತೆ ಬೇರ್ಪಡಿಸುವುದಂತೂ ಇನ್ನೂ ಕಷ್ಟ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಯನ್ನು ಬಣ್ಣವಾರು ವಿಂಗಡಿಸಿ, ಚಿಂದಿಮಾಡಿ, ಮರಳಿ ನೂಲು ತೆಗೆದು ಕಂಬಳಿ ನೇಯುತ್ತಾರೆ. ಆದರೆ ಗಂಗಾವತಿಯ ಓಣಿಯೊಂದರಲ್ಲಿ ಮುಸುರೆಯೊಡನೆ ಎಸೆದ ಸೀರೆ ಅಲ್ಲಿಯವರೆಗೆ ಹೋಗುವುದೆಂತು? ಒದ್ದೆ ಕಸ ಸೋಕಿದ ಬಟ್ಟೆ ಯಾರ ಕೈಗೂ ಬೇಡವಾಗುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆಂದು 2022ರ ಅಧ್ಯಯನ ವರದಿಯೊಂದು ಅಂದಾಜು ಮಾಡಿತು.

ನದಿಗಳ ಪಾಡೂ ಇದೇ. ಪುಣ್ಯಸ್ನಾನ ಮಾಡಿದವರು ಉಟ್ಟ ಬಟ್ಟೆಯನ್ನು ನೀರಿನಲ್ಲಿ ಬಿಡುವುದನ್ನು ತಡೆಯಬೇಕೆಂದು 2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಪರಿಸರ ಸಚಿವರು ಅಧಿಕಾರಿಗಳಿಗೆ ಸೂಚಿಸಬೇಕಾಯಿತು. ಪಾಪ ತೊಳೆಯಲು ಬಂದವರಿಗೆ ಸರಕಾರ ಇದನ್ನು ಹೇಳಿಕೊಡಬೇಕೇ? 2019ರಲ್ಲಿ ಗವಿಮಠದ ಪೂಜ್ಯರು ಹಿರೇಹಳ್ಳದ ಶುದ್ಧೀಕರಣಕ್ಕೆ ಮುಂದಾದಾಗ ಕೊಪ್ಪಳ ಸೀಮೆಯ ಜನ ಗುದ್ದಲಿ ಹಿಡಿದು ಜೊತೆಗೆ ನಿಂತರು. ಆ ಶಕ್ತಿ ನಮ್ಮ ಜನರಲ್ಲಿದೆ.

ಆದರೆ ಇಲ್ಲಿ ದೋಷವಿರುವುದು ಎಸೆಯುವ ಕೈಯಲ್ಲಿ ಮಾತ್ರವಲ್ಲ, ಕೊಡುವ ಕೈಯಲ್ಲಿ. ನಮ್ಮ ಮದುವೆಗಳ ಆಯೇರಿಯನ್ನು ನೋಡಿರಿ. ಬೀಗರಿಗೆ, ಬೀಗರ ಬೀಗರಿಗೆ ಸೀರೆ, ಕುಪ್ಪಸದ ಕಣ, ಟಾವೆಲ್, ಟೋಪಿ. ಪಡೆದವರು ಉಡುವುದಿಲ್ಲ, ಮುಂದಿನ ಮದುವೆಯಲ್ಲಿ ದಾಟಿಸುತ್ತಾರೆ. ಕುಷ್ಟಗಿಯಲ್ಲಿ ಒಂದು ಮನೆಯ ಗೃಹಿಣಿ ತಾನೇ ಕೊಟ್ಟ ಸೀರೆ ಮೂರನೆಯ ವರ್ಷ ತನ್ನ ಮಡಿಲಿಗೇ ಮರಳಿತೆಂದು ನಕ್ಕಳು. ನಾವೂ ನಕ್ಕೆವು; ಆದರೆ ಮಗಳ ಮದುವೆಗೆ ಅಂತಹ ನೂರು ಸೀರೆ ತರಲು ಸಾಲ ಮಾಡಿದ ತಂದೆಗೆ ಅದು ನಗೆಯ ಮಾತಲ್ಲ.

ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ದಂಪತಿಗಳ ಕಥೆ ಎಲ್ಲರೂ ಬಲ್ಲದ್ದೇ. ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಳಗೆ ತೆಗೆದುಕೊಳ್ಳದೆ, ಇದ್ದಲ್ಲಿಗೇ ಸುರಿದು ಬರಲು ಕಳುಹಿಸಿದರು. ನಾವು ಅದನ್ನು ಆಸೆಯ ಖಂಡನೆಯೆಂದಷ್ಟೇ ವ್ಯಾಖ್ಯಾನಿಸುತ್ತ ಬಂದೆವು. ಹೆಚ್ಚಾದುದನ್ನು ಹೊಸಿಲಿನಲ್ಲಿಯೇ ತಡೆಯುವ ಗೃಹಿಣಿಯ ಜಾಣ್ಮೆಯೂ ಅದರಲ್ಲಿದೆ.

ತಾಯಂದಿರು ಆಯೇರಿ ಕೊಡಲೇಬೇಕೆಂದರೆ ಕಡಿಮೆ ಜನಕ್ಕೆ, ಉಡುವಂಥ ಹತ್ತಿಯ ಅರಿವೆ ಕೊಡಲಿ. ಮನೆಯಲ್ಲಿ ಈಗಾಗಲೇ ಇರುವ ಪಾಲಿಯೆಸ್ಟರ್ ಸೀರೆ ಕೌದಿಗೆ ಒಗ್ಗದಿದ್ದರೂ ಸಂತೆಚೀಲಕ್ಕೆ ಒಗ್ಗುತ್ತದೆ. ಕೊಳೆಯದಿರುವುದು ಅಲ್ಲಿ ಗುಣವೇ. ಬಡವರಿಗೆ ಕೊಡುವುದಾದರೆ ಒಗೆದು, ಗುಂಡಿ ಹಚ್ಚಿ ಕೊಡಬೇಕು. ನಮಗೆ ಬೇಡವಾದದ್ದನ್ನು ಅವರ ಮನೆಗೆ ಸಾಗಿಸುವುದು ದಾಸೋಹವಲ್ಲ.

ಈ ವರ್ಷದ ಪುರಾಣಕ್ಕೆ ಕರೆಯಲು ಹಿರಿಯರು ಬಂದಿದ್ದರು. ಮಂಗಲದಂದು ಊರಿಗೆಲ್ಲ ಸೇರಿ ಒಂದೇ ವಸ್ತ್ರ, ಅದೂ ಹತ್ತಿಯದು, ಎಂದು ಕೇಳಿಕೊಂಡೆವು. ಒಬ್ಬರು ಮುಖ ಸಣ್ಣದು ಮಾಡಿಕೊಂಡರು. ತಮ್ಮ ಮನೆತನದ ಶಾಲು ಬೇರೆಯಾಗಿ ಹೊದಿಸದಿದ್ದರೆ ಹೇಗೆ ಎಂಬುದು ಅವರ ಸಂಕಟ. ಇನ್ನೂ ಒಪ್ಪಿಗೆ ಹೇಳಿ ಕಳುಹಿಸಿಲ್ಲ. ಹಿಂದಿನ 14 ಶಾಲುಗಳು ನಮ್ಮ ಟ್ರಂಕಿನಲ್ಲಿಯೇ ಇವೆ.