ಕೊಂಡ ಲ್ಯಾಪ್‌ಟಾಪ್‌ಗಳ ಲೆಕ್ಕ

ಲಾಕ್‌ಡೌನ್ ಹೇರಿದ 2020ರ ಮಾರ್ಚ್‌ನಿಂದ ಬಹಳ ದಿನ ಲ್ಯಾಪ್‌ಟಾಪನ್ನು ಆರಿಸಿ ಕೊಂಡವರು ಕಡಿಮೆ. ಹೆಚ್ಚಿನವರು ಸಿಕ್ಕಿದ್ದನ್ನು ಮನೆಗೆ ತಂದರು. ಮಕ್ಕಳಿಗೆ ಆನ್‌ಲೈನ್ ಪಾಠ, ದೊಡ್ಡವರಿಗೆ ಮನೆಯಿಂದಲೇ ಕೆಲಸ, ಅಂಗಡಿಯಲ್ಲಿ ದಾಸ್ತಾನಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಕೈಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳಿಗೂ ಬೇಡಿಕೆ ಬಂತು. ಆ ಯಂತ್ರಗಳಿಗೆ ಈಗ ವಯಸ್ಸಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನೂ ಮೈಕ್ರೋಸಾಫ್ಟ್ ನಿಲ್ಲಿಸಿದ್ದರಿಂದ, ಹಲವು ಮನೆಗಳಲ್ಲಿ ಎರಡನೇ ಸುತ್ತಿನ ಖರೀದಿಯ ಮಾತು ಎದ್ದಿದೆ. ಮೊದಲ ಸುತ್ತಿನಲ್ಲಿ ಹಣ ಎಲ್ಲಿ ದಕ್ಕಿತು, ಎಲ್ಲಿ ಸೋರಿತು ಎಂದು ನೋಡಲು ಇದೇ ಸಮಯ.

ಅಂಗಡಿಯಲ್ಲಿ ಆಗ ಕೇಳುತ್ತಿದ್ದ ಮೊದಲ ಪ್ರಶ್ನೆ ‘ಐ3 ಸಾಕಾ, ಐ5 ಬೇಕಾ?’ ಎಂಬುದು. ಉಳಿದದ್ದೆಲ್ಲ ಆ ಉತ್ತರದ ಹಿಂದೆ ತಾನಾಗಿ ಬರುತ್ತಿತ್ತು. ಜೊತೆಗೆ ಒಂದು ಬ್ಯಾಗು, ಒಂದು ಮೌಸು. ಆದರೆ ಈ ಐದಾರು ವರ್ಷಗಳಲ್ಲಿ ಪ್ರೊಸೆಸರ್ ಸಾಲದೆ ಮೂಲೆ ಸೇರಿದ ಲ್ಯಾಪ್‌ಟಾಪ್‌ಗಳು ಅಪರೂಪ. ಸೋತದ್ದು 4 ಜಿಬಿ ರ್‍ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕ್. ಒಂದು ಟಿಬಿ ಜಾಗವಿದೆ ಎಂದು ಹೆಮ್ಮೆಯಿಂದ ತಂದ ಯಂತ್ರ, ಝೂಮ್ ಜೊತೆಗೆ ಬ್ರೌಸರ್‌ನಲ್ಲಿ ನಾಲ್ಕು ಪುಟ ತೆರೆದರೆ ಏದುಸಿರು ಬಿಡುತ್ತಿತ್ತು. ರ್‍ಯಾಮ್ ತುಂಬಿದಾಗ ಯಂತ್ರವು ಕೆಲಸದ ಒಂದಷ್ಟು ಭಾಗವನ್ನು ಡಿಸ್ಕಿಗೆ ಸಾಗಿಸಿ ಮತ್ತೆ ಎಳೆದು ತರುತ್ತದೆ. ಡಿಸ್ಕ್ ನಿಧಾನವಾದರೆ ಐ7 ಇದ್ದೂ ಕಾಯುವುದು ತಪ್ಪುವುದಿಲ್ಲ. ಅದೇ ಯಂತ್ರಕ್ಕೆ ಯಾರೋ ಬುದ್ಧಿವಂತ ಮೆಕ್ಯಾನಿಕ್ 256 ಜಿಬಿಯ ಎಸ್‌ಎಸ್‌ಡಿ ಹಾಕಿ, ಇನ್ನೊಂದು ರ್‍ಯಾಮ್ ಪಟ್ಟಿ ಸಿಕ್ಕಿಸಿಕೊಟ್ಟರೆ ಅದು ಹೊಸದರಂತೆ ಓಡುತ್ತಿತ್ತು.

ಹಾಗೆ ಸಿಕ್ಕಿಸಲು ಜಾಗವಿದ್ದವರು ಬಚಾವಾದರು. ತೆಳ್ಳಗಿದೆ, ಹಗುರವಾಗಿದೆ ಎಂದು ಕೊಂಡ ಎಷ್ಟೋ ಮಾದರಿಗಳಲ್ಲಿ ರ್‍ಯಾಮ್ ಮದರ್‌ಬೋರ್ಡಿಗೇ ಬೆಸುಗೆಯಾಗಿತ್ತು. 4 ಎಂದರೆ ಕೊನೆಯವರೆಗೂ 4, 8 ಎಂದರೆ 8. ನನ್ನ ಮಟ್ಟಿಗೆ ಈ ಅವಧಿಯ ದೊಡ್ಡ ಪಾಠ ಇದೇ: ಆಮೇಲೆ ಬದಲಿಸಲು ಬಾರದ ಭಾಗಗಳಿಗೆ ಮೊದಲೇ ಧಾರಾಳವಾಗಿ ಕೊಡಬೇಕು, ಬದಲಿಸಬಹುದಾದ ಕಡೆ ಕೈ ಬಿಗಿ ಹಿಡಿಯಬಹುದು. ಎಸ್‌ಎಸ್‌ಡಿಯನ್ನು ಸಾಮಾನ್ಯವಾಗಿ ದೊಡ್ಡದಾಗಿಸಬಹುದು. ಬೆಸೆದ ರ್‍ಯಾಮ್, ಪರದೆ, ಕೀಲಿಮಣೆ ಬಹುಮಟ್ಟಿಗೆ ಕೊಂಡ ದಿನ ಹೇಗೋ ಕೊನೆಯ ದಿನವೂ ಹಾಗೆಯೇ.

ಬಳಸಿದ ಯಂತ್ರ ಕೊಂಡವರಿಗೆ ಬೇರೆಯದೇ ಪೆಟ್ಟು ಬಿತ್ತು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಬಾಗಿಲಲ್ಲೇ ತಡೆದು ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರನ್ನು. ಗಟ್ಟಿ ಮೈಯ, ಒಳ್ಳೆಯ ಕೀಲಿಮಣೆಯ ಆರನೇ, ಏಳನೇ ತಲೆಮಾರಿನ ಆಫೀಸು ಲ್ಯಾಪ್‌ಟಾಪ್‌ಗಳು ಅಲ್ಲೇ ಹೊರಗುಳಿದವು. ಕೆಡದ ಯಂತ್ರವನ್ನು ಹೀಗೆ ಕಸವಾಗಿಸುವುದು ನನಗೆ ಒಪ್ಪಿಗೆಯಾಗದ ನಡೆ. ಲಿನಕ್ಸ್ ಹಾಕಿಕೊಂಡರೆ ಅವುಗಳಿಗೆ ಇನ್ನೂ ಕೆಲವು ವರ್ಷ ಆಯುಷ್ಯವಿದೆ. ವಿಂಡೋಸ್ 10ನ್ನೇ ನೆಚ್ಚಿಕೊಂಡವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ಇನ್ನು ಹೆಸರುಗಳ ಆಟ. 2022ರಲ್ಲಿ ಬಂದ ಎಎಂಡಿ ರೈಜನ್ 5 7520ಯು, ‘7000 ಸರಣಿ’ ಎಂಬ ಹೊಸ ಅಂಗಿ ತೊಟ್ಟಿದ್ದರೂ ಒಳಗಿದ್ದದ್ದು 2019ರ ಝೆನ್ 2 ವಿನ್ಯಾಸ. ಅಲ್ಲಿ ಗುಟ್ಟು ಮೂರನೆಯ ಅಂಕಿಯಲ್ಲಿದೆ: 7520 ಎಂದರೆ ಝೆನ್ 2, 7530 ಎಂದರೆ ಝೆನ್ 3, 7540 ಎಂದರೆ ಝೆನ್ 4. ಇದನ್ನು ಕೊಳ್ಳುವವರಿಗೆ ಬಿಡಿಸಿ ಹೇಳಿದ ಮಾರಾಟಗಾರರು ಎಷ್ಟು ಮಂದಿ? ಇಂಟೆಲ್ಲೂ ಹಿಂದೆ ಬಿದ್ದಿಲ್ಲ. 2023ರ ಕೊನೆಯಿಂದ ‘ಐ’ ಕಳಚಿ ಕೋರ್, ಕೋರ್ ಅಲ್ಟ್ರಾ ಎಂದಿತು. 2024ರ ‘ಕೋರ್ 5 120ಯು’ ಒಳಗೆ ಇರುವುದು ಹದಿಮೂರನೇ ತಲೆಮಾರಿನ ರ್‍ಯಾಪ್ಟರ್ ಲೇಕ್ ವಿನ್ಯಾಸದ ಮುಂದುವರಿಕೆ. ಕೆಟ್ಟ ಪ್ರೊಸೆಸರ್‌ಗಳೇನಲ್ಲ ಇವು. ಹಳೆಯದಕ್ಕೆ ಹಳೆಯದರ ಬೆಲೆ ಕೊಟ್ಟರೆ ತಕರಾರಿಲ್ಲ. ಕೊನೆಯ ಅಕ್ಷರವನ್ನೂ ನೋಡಬೇಕು: ಯು ಇದ್ದರೆ ಬ್ಯಾಟರಿಗೆ ಹಿತ, ಎಚ್ ಇದ್ದರೆ ಕಸುವು ಹೆಚ್ಚು, ಬಿಸಿಯೂ ಹೆಚ್ಚು.

ಯಾವ ತಂತ್ರಾಂಶ ನಡೆಯಬೇಕು ಎಂಬ ಪ್ರಶ್ನೆ ಇವೆಲ್ಲಕ್ಕಿಂತ ಮೊದಲು ಬರಬೇಕಿತ್ತು, ಎಷ್ಟೋ ಮನೆಗಳಲ್ಲಿ ಬಿಲ್ಲು ಬರೆಸಿದ ಮೇಲೆ ಬಂತು. 2020ರ ನವೆಂಬರ್‌ನಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂದಾಗ ಅದರ ಬ್ಯಾಟರಿ, ಫ್ಯಾನಿಲ್ಲದ ಮೌನ ಎಲ್ಲರ ಬಾಯಲ್ಲೂ ಇತ್ತು, ಹೊಗಳಿಕೆ ನ್ಯಾಯವಾದದ್ದೇ. ಆದರೆ ಬಿ.ಕಾಂ. ಓದುವ ಮಗಳಿಗೆ ಬೇಕಾದ ಟ್ಯಾಲಿ ವಿಂಡೋಸ್‌ಗೆಂದು ಮಾಡಿದ್ದು. ಮೆಕ್ಯಾನಿಕಲ್ ಓದುವ ಮಗನ ಸಾಲಿಡ್‌ವರ್ಕ್ಸ್ ಕೂಡ ಹಾಗೆಯೇ. ಡಿಟಿಪಿ ಕೆಲಸದವರ ನುಡಿ, ಬರಹ ತಂತ್ರಾಂಶಗಳು ಹುಟ್ಟಿ ಬೆಳೆದದ್ದೂ ವಿಂಡೋಸ್‌ನಲ್ಲಿ. ಬರೀ ಯುನಿಕೋಡ್‌ನಲ್ಲಿ ಬರೆಯುವವರಿಗೆ ಈ ಚಿಂತೆಯಿಲ್ಲ. ಮ್ಯಾಕ್, ವಿಂಡೋಸ್, ಲಿನಕ್ಸ್ ಮೂರರಲ್ಲೂ ಕನ್ನಡ ಕೀಲಿಮಣೆ ಒಳಗೇ ಇದೆ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಗುತ್ತಿಗೆದಾರರು, ಲೆಕ್ಕಪರಿಶೋಧಕರು ಇಂಟೆಲ್, ಎಎಂಡಿ ಅಲ್ಲದ ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ತಮ್ಮ ಟೋಕನ್ನಿಗೆ, ಹಳೆಯ ಪ್ರಿಂಟರಿಗೆ ಅದರಲ್ಲಿ ಡ್ರೈವರ್ ಇದೆಯೇ ಎಂದು ಕೇಳಲಿ.

ಪರದೆಯ ವಿಷಯಕ್ಕೆ ನಾವು ಕೊಟ್ಟ ಲಕ್ಷ್ಯ ತೀರ ಕಡಿಮೆ. 1366×768ರ ಪರದೆಯಲ್ಲಿ ಇಂಗ್ಲಿಷ್ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಒಂದಕ್ಕೊಂದು ಮೆತ್ತಿಕೊಂಡು ಕಣ್ಣಿಗೆ ಶ್ರಮ. ಈಗ ಫುಲ್ ಎಚ್‌ಡಿ ಸಾಮಾನ್ಯವಾಗಿದೆ, ಆದರೆ ಕಡಿಮೆ ಬೆಲೆಯವುಗಳಲ್ಲಿ ‘45% ಎನ್‌ಟಿಎಸ್‌ಸಿ, 250 ನಿಟ್ಸ್’ ಎಂಬ ಸಣ್ಣಕ್ಷರದ ಸಾಲು ಉಳಿದುಕೊಂಡಿದೆ. ಅದರರ್ಥ ಬಣ್ಣ ಪೇಲವ, ಕಿಟಕಿ ಪಕ್ಕ ಕೂತರೆ ಮಂಕು. ಲೆಕ್ಕ ಬರೆಯುವವರಿಗೆ ಇದು ನಡೆದೀತು. ಫೋಟೊ, ವಿಡಿಯೊ ಕೆಲಸದವರು ‘100% ಎಸ್‌ಆರ್‌ಜಿಬಿ’ ಇಲ್ಲದ್ದನ್ನು ಮುಟ್ಟಬಾರದು. ಒಂದೇ ಮಾದರಿಯ ಹೆಸರಿನಲ್ಲಿ ಎರಡು ಬಗೆಯ ಪರದೆ ಬರುವುದುಂಟು. ಆದ್ದರಿಂದ ಹೆಸರು ನಂಬದೆ ಪೂರ್ತಿ ಮಾದರಿ ಸಂಖ್ಯೆ ಹಿಡಿದು ನೋಡಬೇಕು.

‘ಎಐ ಲ್ಯಾಪ್‌ಟಾಪ್’ ಎಂಬ ಸ್ಟಿಕ್ಕರಿಗೆ ಸದ್ಯ ಹೆಚ್ಚು ಕೊಡಬೇಕಾಗಿಲ್ಲ. ಚಾಟ್‌ಜಿಪಿಟಿಯಂಥವು ನಡೆಯುವುದು ದೂರದ ಸರ್ವರ್‌ಗಳಲ್ಲಿ. ನಿಮ್ಮ ಯಂತ್ರದಲ್ಲಿ ಎಐಗೆಂದೇ ಇರುವ ಎನ್‌ಪಿಯು ಎಂಬ ಭಾಗ ಅದಕ್ಕೆ ಬೇಕಿಲ್ಲ. ಆ ಗದ್ದಲದಿಂದ ಒಂದು ಒಳಿತಾಯಿತು: 2024ರ ಮೇನಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಎಂಬ ಎಐ ಯಂತ್ರಗಳಿಗೆ ಕನಿಷ್ಠ 16 ಜಿಬಿ ರ್‍ಯಾಮ್ ನಿಗದಿ ಮಾಡಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಆ್ಯಪಲ್ ಕೂಡ ಬೆಲೆ ಏರಿಸದೆ ಮ್ಯಾಕ್‌ಬುಕ್ ಏರ್‌ನ ಆರಂಭವನ್ನು 8ರಿಂದ 16ಕ್ಕೆ ಎತ್ತಿತು.

ಆ ಸುಖ ಬಹಳ ದಿನ ಉಳಿಯಲಿಲ್ಲ. ಎಐ ಡೇಟಾ ಸೆಂಟರ್‌ಗಳ ಹಸಿವು ನೋಡಿ ಮೆಮೊರಿ ತಯಾರಕರು ಅತ್ತ ತಿರುಗಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ಜಿಗಿಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಹಳೆಯ ಯಂತ್ರಕ್ಕೆ ಅಗ್ಗದ ಪಟ್ಟಿ ಸಿಕ್ಕಿಸುವ ನಮ್ಮ ನೆಚ್ಚಿನ ಉಪಾಯವೂ ಈಗ ದುಬಾರಿ. ಹೀಗಿರುವಾಗ 8 ಜಿಬಿ ಬೆಸೆದ ಹೊಸ ಲ್ಯಾಪ್‌ಟಾಪ್‌ಗಿಂತ, 8 ಜಿಬಿಯ ಜೊತೆ ಖಾಲಿ ಸ್ಲಾಟ್ ಇರುವ ತುಸು ದಪ್ಪನೆಯ ಮಾದರಿಯನ್ನೇ ನಾನು ಆರಿಸುವೆ. ಬೆಲೆ ಇಳಿದಾಗ ಇನ್ನೊಂದು ಪಟ್ಟಿ ಹಾಕಿಸಿದರಾಯಿತು.