ಪೈಪಿನ ಜಾಯಿಂಟಿಗೆ ಯಾವ ಪೇಸ್ಟು?



ಸುರಂಗದ ನೀರು ಕಾಸರಗೋಡಿನ ನಮ್ಮ ಮನೆಗಳಿಗೆ ದೇವರ ವರ. ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಅಂಗಳಕ್ಕೆ ಇಳಿಯುತ್ತದೆ, ಕರೆಂಟಿನ ಹಂಗಿಲ್ಲ. ಆದರೆ ಮುರಕಲ್ಲಿನ ನೆಲದಿಂದ ಬರುವ ನೀರಿಗೆ ಸಾಮಾನ್ಯವಾಗಿ ಸ್ವಲ್ಪ ಆಮ್ಲ ಗುಣವಿರುತ್ತದೆ. ಅಂಥ ನೀರು ಲೋಹವನ್ನು ಬೇಗ ಕರಗಿಸುತ್ತದೆ. ಆದ್ದರಿಂದ ಜಾಯಿಂಟಿಗೆ ಏನು ಹಚ್ಚಬೇಕೆಂಬುದನ್ನು ಪೂರ್ತಿ ಪ್ಲಂಬರನಿಗೆ ಬಿಡಬಾರದು, ಮನೆಯವರೇ ವಿಚಾರಿಸಬೇಕು ಎಂದು ನನ್ನ ಅಭಿಪ್ರಾಯ.

ಜಿ.ಐ. ಪೈಪಿನ ಥ್ರೆಡ್ಡಿಗೆ ಸೆಣಬಿನ ನಾರು ಸುತ್ತಿ, ರೆಡ್ ಲೆಡ್ ಅಥವಾ ವೈಟ್ ಲೆಡ್ ಬಳಿದು ಬಿಗಿಯುವುದು ಹಿಂದಿನ ಕ್ರಮ. ಒಂದು ಹನಿ ಸೋರುವುದಿಲ್ಲ ಎಂದು ಹಳೆಯ ಮೇಸ್ತ್ರಿಗಳು ಹೇಳುವುದು ಸುಳ್ಳಲ್ಲ. ಆದರೆ ಲೆಡ್ ಎಂದರೆ ಸೀಸ. ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ಅಡ್ಡಿ, ಗರ್ಭಿಣಿಯರಿಗೂ ಹಾನಿ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನಕದಲ್ಲಿ ಅದರ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮನೆಗೆ ಬಳಿಯುವ ಬಣ್ಣದಲ್ಲೇ ಸೀಸವನ್ನು 2017ರಿಂದ ಹತ್ತು ಲಕ್ಷ ಪಾಲಿಗೆ 90 ಪಾಲಿನ ಮಿತಿಯಲ್ಲಿ ಇಟ್ಟಿರುವಾಗ, ಕುಡಿಯುವ ನೀರಿನ ಪೈಪಿಗೆ ಅದನ್ನು ಬಳಿಯುವುದು ಯಾವ ನ್ಯಾಯ? ಒಂದು ಜಾಯಿಂಟಿನಿಂದ ಇಳಿಯುವುದು ಅಲ್ಪವೇ ಇರಬಹುದು. ಆದರೆ ಸೀಸ ಎಲುಬಿನಲ್ಲಿ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ನಾವು ನೀರು ಕುದಿಸಿಯೇ ಕುಡಿಯುತ್ತೇವೆ ಎನ್ನುವವರಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಸೀಸ ಹೋಗುವುದಿಲ್ಲ.

ಮನೆಯ ನೀರಿಗೆ ಟೆಫ್ಲಾನ್ ಟೇಪು ಸಾಕು. ಜಿ.ಐ. ಪೈಪಿಗೆ ಸೆಣಬೇ ಆಗಬೇಕೆನ್ನುವವರು ಸೀಸವಿಲ್ಲದ, ಕುಡಿಯುವ ನೀರಿಗೆ ಯೋಗ್ಯವೆಂದು ಡಬ್ಬಿಯ ಮೇಲೆ ಬರೆದಿರುವ ಪೇಸ್ಟನ್ನೇ ಕೇಳಿ ತರಲಿ. ಪಿ.ವಿ.ಸಿ. ಥ್ರೆಡ್ಡಿಗೆ ಮಾತ್ರ ಸೆಣಬು ಬೇಡವೇ ಬೇಡ. ಅದು ನೀರು ಹೀರಿ ಉಬ್ಬಿದರೆ ಫಿಟ್ಟಿಂಗು ಸೀಳಬಹುದು. ಅಂಟಿಸುವ ಸೊಲ್ಯೂಷನ್ ಕೂಡ ಥ್ರೆಡ್ಡಿಗೆ ಹಾಕುವಂಥದ್ದಲ್ಲ.

ಟೇಪು ಸುತ್ತುವುದಕ್ಕೂ ಕ್ರಮವಿದೆ. ಪೈಪಿನ ತುದಿ ನಿಮ್ಮ ಕಡೆಗಿರಲಿ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಸುತ್ತಿರಿ. ಉಲ್ಟಾ ಸುತ್ತಿದರೆ ಬಿಗಿಯುವಾಗ ಬಿಚ್ಚಿಕೊಳ್ಳುತ್ತದೆ. ತುದಿಯ ಮೊದಲ ಥ್ರೆಡ್ ಖಾಲಿ ಇರಬೇಕು. ಇಲ್ಲವಾದರೆ ಟೇಪಿನ ಚೂರು ಒಳಗೆ ಹೋಗಿ ಅಡಿಕೆ ತೋಟದ ಡ್ರಿಪ್ಪಿನ ತೂತು ಕಟ್ಟೀತು. ಏಪ್ರಿಲ್ ಬಿಸಿಲಿಗೆ ಮರ ಬಾಡಿದ ಮೇಲೆ ಕಾರಣ ಹುಡುಕುತ್ತಾ ಕೂರಬೇಕು. ಪ್ಲಾಸ್ಟಿಕ್ಕಿಗೆ ಎರಡು ಮೂರು ಸುತ್ತು ಟೇಪು ಸಾಕು. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಪೈಪು ರೆಂಚಿಗೆ ಜೋತುಬೀಳುವ ನಮ್ಮ ಯುವಕರ ಉತ್ಸಾಹ ಕಬ್ಬಿಣಕ್ಕೆ ಸರಿ, ಪ್ಲಾಸ್ಟಿಕ್ ಅದನ್ನು ತಾಳುವುದಿಲ್ಲ.

ಹಳೆಯ ಪೈಪನ್ನೆಲ್ಲ ಇಂದೇ ಕಿತ್ತು ಹಾಕಿ ಎನ್ನುವುದಿಲ್ಲ. ಟಾಂಕಿಯಿಂದ ಅಡಿಗೆಮನೆಗೆ ಬರುವ ಜಾಯಿಂಟುಗಳನ್ನು ಮೊದಲು ಬದಲಾಯಿಸಿರಿ. ಅಲ್ಲಿಯವರೆಗೆ, ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಗ್ಗೆ ಹೊರಗೆ ಹರಿಯಬಿಟ್ಟು, ಆಮೇಲೆ ಕೊಡ ಇಡಿ. ಅಟ್ಟದಲ್ಲಿ ರೆಡ್ ಲೆಡ್ ಡಬ್ಬಿ ಉಳಿದಿದ್ದರೆ ಮಕ್ಕಳ ಕೈಗೆ ಸಿಗಬಾರದು, ಬಾವಿ ತೋಡುಗಳ ಬಳಿ ಎಸೆಯಲೂ ಬಾರದು.