ತಂಗಳು ಸೂಚನೆಗೆ ಯಾರು ಹೊಣೆ?

ಚೆಕ್ಕಿಗೂ ಆಯುಷ್ಯವಿದೆ ಎಂಬುದು ಕಾಮರ್ಸ್ ಓದುವ ನಮಗೆಲ್ಲ ಗೊತ್ತು. ಮೊದಲು ಆರು ತಿಂಗಳಿತ್ತು, 2012ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕ್ ಅದನ್ನು ಮೂರು ತಿಂಗಳಿಗೆ ಇಳಿಸಿತು. ಅವಧಿ ಮೀರಿದರೆ ಅದು ಸ್ಟೇಲ್ ಚೆಕ್. ನಿನ್ನೆಯ ರೊಟ್ಟಿಗೆ ನಮ್ಮ ಮನೆಯಲ್ಲಿ ಅಮ್ಮಿ ‘ಬಾಸಿ’ ಅನ್ನುತ್ತಾರೆ, ಕನ್ನಡದಲ್ಲಿ ತಂಗಳು. ಜಾಲತಾಣ ಕಟ್ಟುವವರೂ ಹಳೆಯ ಪುಟಕ್ಕೆ ಸ್ಟೇಲ್ ಎಂದೇ ಹೇಳುತ್ತಾರೆ. ಆದರೆ ಚೆಕ್ಕಿನ ಮೇಲೆ ತಾರೀಖು ಕಣ್ಣಿಗೆ ಕಾಣುತ್ತದೆ, ಪುಟದ ಅವಧಿ ಓದುವವರಿಗೆ ಕಾಣುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ.

ನಾವು ಒಂದು ಪುಟ ತೆರೆದಾಗ ಬ್ರೌಸರ್ ಅದರ ಪ್ರತಿಯನ್ನು ಫೋನಿನಲ್ಲೇ ಉಳಿಸಿಕೊಳ್ಳುತ್ತದೆ. ಅದೇ ಕ್ಯಾಶ್ (ನಮ್ಮ ಲೆಡ್ಜರಿನ ಕ್ಯಾಶ್ ಅಲ್ಲ, ಉಚ್ಚಾರ ಮಾತ್ರ ಒಂದೇ). ಆ ಪ್ರತಿಯನ್ನು ಎಷ್ಟು ಹೊತ್ತು ನಂಬಬಹುದು ಎಂದು ಸರ್ವರ್ ಪುಟದ ಜೊತೆಗೇ ಒಂದು ಚೀಟಿ ಕಳಿಸುತ್ತದೆ. ಅದಕ್ಕೆ ಹೆಡರ್ ಎಂದು ಹೆಸರು. ‘ಮ್ಯಾಕ್ಸ್-ಏಜ್ 3600’ ಎಂದಿದ್ದರೆ 3600 ಸೆಕೆಂಡ್, ಅಂದರೆ ಒಂದು ಗಂಟೆ, ಬ್ರೌಸರ್ ಸರ್ವರನ್ನು ಕೇಳಲು ಹೋಗುವುದೇ ಇಲ್ಲ.

ಶಿರೂರಿನ ನಮ್ಮ ಖಾಲಾನ ಮಗಳು, ನಾನು ಆಪಾ ಎಂದು ಕರೆಯುವವಳು, ಕಳೆದ ವರ್ಷ ಒಂದು ತರಬೇತಿ ಸಂಸ್ಥೆಯ ಪ್ರವೇಶ ಪರೀಕ್ಷೆಗೆ ಬೆಳಗಿನ ಬಸ್ಸಿನಲ್ಲಿ ಕುಂದಾಪುರಕ್ಕೆ ಬಂದಳು. ಪರೀಕ್ಷೆ ಎರಡು ದಿನ ಹಿಂದೆಯೇ ಮುಗಿದಿತ್ತು. ಸಂಸ್ಥೆಯವರು ದಿನ ಬದಲಿಸಿ, ವೇಳಾಪಟ್ಟಿಯ ಹೊಸ ಚಿತ್ರವನ್ನು ಹಳೆಯ ಹೆಸರಿನಲ್ಲೇ ತಾಣಕ್ಕೆ ಹಾಕಿದ್ದರು. ಪ್ರಕಟವಾದ ದಿನವೇ ನೋಡಿದ್ದ ಆಪಾಳ ಫೋನಿನಲ್ಲಿ ಹಳೆಯ ಚಿತ್ರ ಕೂತಿತ್ತು. ತಡವಾಗಿ ಮೊದಲ ಸಲ ತೆರೆದವರಿಗೆ ಹೊಸದು ಕಂಡಿತು. ಅಂದರೆ ಬೇಗ ನೋಡಿದವಳಿಗೇ ಪೆಟ್ಟು! ಕಚೇರಿಯಲ್ಲಿ ಸಿಕ್ಕ ಉತ್ತರ: “ನೀವು ರಿಫ್ರೆಶ್ ಮಾಡಬೇಕಿತ್ತು.”

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ಅದು ಕೆಲಸ ಮಾಡುತ್ತದೆ ಎಂಬ ಭರವಸೆಯೇ ಇಲ್ಲ. 2017ರಲ್ಲಿ ಕ್ರೋಮ್ ಬ್ರೌಸರ್ ರಿಫ್ರೆಶ್‌ನ ರೀತಿಯನ್ನು ಬದಲಿಸಿತು. ಒತ್ತಿದರೆ ಮುಖ್ಯ ಪುಟವನ್ನು ಮಾತ್ರ ಸರ್ವರಿನಲ್ಲಿ ವಿಚಾರಿಸುತ್ತದೆ, ಅದರೊಳಗಿನ ಚಿತ್ರಗಳಿಗೆ ಅವಧಿ ಉಳಿದಿದ್ದರೆ ಫೋನಿನಲ್ಲಿರುವುದನ್ನೇ ತೋರಿಸುತ್ತದೆ. ಎರಡನೆಯದಾಗಿ, ಅವಧಿ ಬರೆದದ್ದು ಆಪಾ ಅಲ್ಲ.

ಬರೆಯುವುದು ಕಷ್ಟದ ಕೆಲಸವೂ ಅಲ್ಲ. ದ್ರುಪಲ್ ಎಂಬ ಉಚಿತ ತಂತ್ರಾಂಶದಿಂದ ಬಹಳ ತಾಣಗಳನ್ನು ಕಟ್ಟುತ್ತಾರೆ. ಅದರಲ್ಲಿ ಪುಟಗಳ ಗರಿಷ್ಠ ಅವಧಿಯನ್ನು ಒಂದು ನಿಮಿಷ, ಹದಿನೈದು ನಿಮಿಷ, ಒಂದು ಗಂಟೆ, ಒಂದು ದಿನ ಎಂಬ ಪಟ್ಟಿಯಿಂದ ಆರಿಸಿದರೆ ಸಾಕು. ತೊಂದರೆ ಏನೆಂದರೆ ಎಲ್ಲ ಪುಟಗಳಿಗೂ ಅದೊಂದೇ ಅಂಕಿ. ಚಿತ್ರಗಳಂಥ ಕಡತಗಳಿಗೆ ಬೇರೆ ಲೆಕ್ಕ: ದ್ರುಪಲ್‌ನ ಹಲವು ಆವೃತ್ತಿಗಳ ಜೊತೆ ಬಂದ ಸಿದ್ಧ ಕಡತದಲ್ಲಿ 1209600 ಸೆಕೆಂಡ್ ಎಂದು ಬರೆದಿತ್ತು. ಭಾಗಿಸಿ ನೋಡಿ, ಹದಿನಾಲ್ಕು ದಿನ. ಕಾಲೇಜಿನ ಲಾಂಛನಕ್ಕೆ ಅದು ಸರಿ, ಪರೀಕ್ಷೆಯ ವೇಳಾಪಟ್ಟಿಗೆ ಸರಿಯೇ?

ಒಂದು ತಮಾಷೆ ಹೇಳಬೇಕು. ದ್ರುಪಲ್ ತನ್ನ ಪುಟಗಳ ಜೊತೆ ‘ಎಕ್ಸ್‌ಪೈರ್ಸ್’ ಎಂಬ ಹಳೆಯ ಕಾಲದ ಚೀಟಿಯನ್ನೂ ಕಳಿಸುತ್ತದೆ. ಅದರಲ್ಲಿರುವ ತಾರೀಖು 1978ರ ನವೆಂಬರ್ 19, ದ್ರುಪಲ್ ಬರೆದ ಬೆಲ್ಜಿಯಮ್‌ನ ಡ್ರೀಸ್ ಬೈಟಾರ್ಟ್ ಅವರ ಹುಟ್ಟುಹಬ್ಬ! ಹುಟ್ಟುವಾಗಲೇ ಅವಧಿ ಮುಗಿದ ಪುಟ. ಈಗಿನ ಬ್ರೌಸರುಗಳು ಮ್ಯಾಕ್ಸ್-ಏಜ್ ಇದ್ದರೆ ಈ ತಾರೀಖನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಕ್ಯಾಶನ್ನೇ ತೆಗೆದುಬಿಡಿ ಎಂದು ಗೆಳೆಯನೊಬ್ಬ ವಾದಿಸಿದ. ಜುಲೈ ತಿಂಗಳ ಒಂದು ಬೆಳಿಗ್ಗೆ ನೆನಪಿಸಿಕೊಳ್ಳಿ. ರಾತ್ರಿಯಿಡೀ ಮಳೆ, ರಜೆ ಇದೆಯೋ ಇಲ್ಲವೋ ಎಂದು ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲರ ಕೈಯಲ್ಲೂ ಫೋನು, ನೆಟ್‌ವರ್ಕ್ ಒಂದೇ ಕಡ್ಡಿ. ಆಗ ಪ್ರತಿಯೊಬ್ಬರೂ ಲಾಂಛನ, ಕಟ್ಟಡದ ಫೋಟೊ ಎಲ್ಲವನ್ನೂ ಮತ್ತೆ ಮೊದಲಿನಿಂದ ಇಳಿಸಿಕೊಳ್ಳಬೇಕಾದರೆ ಸೂಚನೆ ಕಾಣುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತದೆ. ಅಮ್ಮಿ ಅಕ್ಕಿಯನ್ನು ತಿಂಗಳಿಗೆ ತರಿಸುತ್ತಾರೆ, ಮೀನನ್ನು ಆ ದಿನಕ್ಕೆ ಮಾತ್ರ. ಎರಡಕ್ಕೂ ಒಂದೇ ಲೆಕ್ಕ ಹಾಕುವವರು ಯಾರೂ ಇಲ್ಲ.

ನಮ್ಮ ಕಾಲೇಜಿನ ತಾಣವನ್ನು ಹೊಸದಾಗಿ ಕಟ್ಟುವ ಮಾತು ನಡೆದಿದೆ. ಆ ಕೆಲಸ ವಹಿಸಿಕೊಳ್ಳುವ ಸಮಿತಿಗೆ ನನ್ನ ಬೇಡಿಕೆ ಇಷ್ಟು: ಸೂಚನೆಯ ಪುಟಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಅವಧಿ ಬೇಡ. ಲಾಂಛನಕ್ಕೆ ಒಂದು ವರ್ಷ ಕೊಡಿ. ಬದಲಾದ ವೇಳಾಪಟ್ಟಿಯನ್ನು ಹಳೆಯ ಹೆಸರಿನಲ್ಲಿ ಎಂದಿಗೂ ಹಾಕಬೇಡಿ. ಕಡತದ ಹೆಸರಿಗೆ ತಾರೀಖು ಸೇರಿಸಿದರೆ ಬ್ರೌಸರಿಗೆ ಅದು ಹೊಸ ಕಡತ, ಅದನ್ನು ಸರ್ವರಿನಿಂದ ತರಲೇಬೇಕು. ಬದಲಾದದ್ದು ಯಾವ ದಿನ, ಎಷ್ಟು ಗಂಟೆಗೆ ಎಂಬುದನ್ನು ಸೂಚನೆಯ ತಲೆಯ ಮೇಲೆ ಓದಲು ಬರುವಂತೆ ಬರೆಯಿರಿ. ಅಲ್ಲಿಯವರೆಗೆ ಗೇಟಿನ ಪಕ್ಕದ ಕರಿಹಲಗೆಯನ್ನು ತೆಗೆಯಬೇಡಿ.